ಮಣ್ಣಿನ ಹಸಿಗೂ ಒಂದು ಲೆಕ್ಕ ಬೇಕು

1987ರ ಮುಂಗಾರು. ಬಯಲುಸೀಮೆಯ ಒಂದು ಉಪವಿಭಾಗದಲ್ಲಿ ನಾನಾಗ ಉಪವಿಭಾಗಾಧಿಕಾರಿ. ಸೇವೆಗೆ ಸೇರಿ ಹೆಚ್ಚು ವರ್ಷಗಳಾಗಿರಲಿಲ್ಲ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯ ಬಿಸಿ ಇನ್ನೂ ಆರಿರಲಿಲ್ಲವಾದ್ದರಿಂದ ಅಂಕಿಸಂಖ್ಯೆಗಳ ಮೇಲೆ ಅಪಾರ ನಂಬಿಕೆಯಿತ್ತು. ಬರಪೀಡಿತ ತಾಲ್ಲೂಕುಗಳ ಪಟ್ಟಿ ಸಿದ್ಧಪಡಿಸಲು ವರದಿ ಕೇಳಿದ್ದರು. ತಾಲ್ಲೂಕು ಕಚೇರಿಯ ಆವರಣದಲ್ಲಿದ್ದ ಮಳೆಮಾಪಕದ ಪ್ರಕಾರ ಜುಲೈ ತಿಂಗಳ ಮಳೆ ಹೆಚ್ಚುಕಡಿಮೆ ವಾಡಿಕೆಯಷ್ಟೇ ಆಗಿತ್ತು. ಆದರೆ ಆ ಮಳೆ ಸುರಿದದ್ದು ಎರಡೇ ದಿನಗಳಲ್ಲಿ. ಅದರ ಹಿಂದೆ ಮುಂದೆ ಹನಿಯಿಲ್ಲ. ಶೇಂಗಾ ಬಿತ್ತಿದ ಹೊಲವೊಂದರ ಬದುವಿನ ಮೇಲೆ ನಿಂತಿದ್ದಾಗ ವಯಸ್ಸಾದ ರೈತರೊಬ್ಬರು ಗುದ್ದಲಿಯಿಂದ ಒಂದು ಹೆಂಟೆ ಎಬ್ಬಿಸಿ ನನ್ನ ಅಂಗೈಯಲ್ಲಿಟ್ಟರು. ಹಿಸುಕಿದೆ. ಪುಡಿಪುಡಿಯಾಗಿ ಬೆರಳ ಸಂದಿಯಿಂದ ಉದುರಿಹೋಯಿತು. ‘ಮಳೆ ಕಚೇರಿ ಡಬ್ಬಿಗೆ ಬಿದ್ದೈತೆ ಸ್ವಾಮಿ, ಹೊಲದೊಳಕ್ಕೆ ಇಳಿದಿಲ್ಲ’ ಎಂದರು.

ಆ ಮಾತು ನನಗೆ ಅರ್ಥವಾಗಿತ್ತು. ಆದರೆ ನಮೂನೆಯಲ್ಲಿ ಅದನ್ನು ಬರೆಯಲು ಅಂಕಣವಿರಲಿಲ್ಲ. ‘ಬಿದ್ದ ಮಳೆ’, ‘ವಾಡಿಕೆ ಮಳೆ’, ‘ಶೇಕಡಾವಾರು ವ್ಯತ್ಯಾಸ’ ಎಂಬ ಮೂರು ಅಂಕಣಗಳಷ್ಟೇ ಇದ್ದವು. ನಾನು ತುಂಬಿ ಸಹಿ ಹಾಕಿದೆ. ತಾಲ್ಲೂಕು ಮೊದಲ ಪಟ್ಟಿಯಲ್ಲಿ ಸೇರಲಿಲ್ಲ. ಕೆಲವು ತಿಂಗಳುಗಳ ನಂತರ ಆಣೆವಾರಿ ಬಂದಾಗ ಸೇರಿತು, ನಿಜ. ಆದರೆ ಅಷ್ಟರಲ್ಲಿ ದನಗಳನ್ನು ಮಾರಬೇಕಾದವರು ಮಾರಿಯಾಗಿತ್ತು, ಗುಳೆ ಹೋಗಬೇಕಾದವರು ಹೋಗಿಯಾಗಿತ್ತು.

ಕನ್ನಡದ ಬೇಸಾಯಗಾರ ಮಣ್ಣಿನೊಳಗಿನ ನೀರಿಗೆ ಒಂದಲ್ಲ, ಹಲವು ಮಾತುಗಳನ್ನು ಇಟ್ಟುಕೊಂಡಿದ್ದಾನೆ. ಹಸಿ, ತೇವ, ತಂಪು, ಎಲ್ಲಕ್ಕಿಂತ ಮಿಗಿಲಾಗಿ ಹದ. ಹದ ಎಂಬುದು ನೀರಿನ ಪ್ರಮಾಣವಷ್ಟೇ ಅಲ್ಲ. ನೇಗಿಲು ಹೂಡಲು, ಕೂರಿಗೆ ಇಳಿಸಲು, ಬೀಜ ಮೊಳೆಯಲು ತಕ್ಕುದಾದ ಸ್ಥಿತಿ. ವಿಜಯಪುರದ ಕಡೆ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುವವರು ಬಿತ್ತನೆಯ ನಂತರ ಮಳೆ ಬಾರದಿದ್ದರೂ ಬೆಳೆ ತೆಗೆಯುತ್ತಾರೆ. ಮಳೆಗಾಲದಲ್ಲಿ ಕಪ್ಪು ಮಣ್ಣು ಹೀರಿ ಕೂಡಿಟ್ಟ ಹಸಿಯೇ ಅದಕ್ಕೆ ಬಂಡವಾಳ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಮಳೆ ಎಂಬುದು ಆದಾಯ, ಮಣ್ಣಿನ ತೇವಾಂಶ ಎಂಬುದು ಉಳಿತಾಯ. ಒಂದು ಕುಟುಂಬದ ಸ್ಥಿತಿಯನ್ನು ಆ ತಿಂಗಳ ಸಂಬಳವೊಂದನ್ನೇ ನೋಡಿ ಯಾರೂ ನಿರ್ಧರಿಸುವುದಿಲ್ಲ. ಆದರೆ ಸರ್ಕಾರಗಳು ಭೂಮಿಯ ವಿಷಯದಲ್ಲಿ ಬಹುಕಾಲ ಮಾಡಿಕೊಂಡು ಬಂದದ್ದು ಅದನ್ನೇ.

ಮಣ್ಣಿನ ಹಸಿ ಬರಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ಭಾವಿಸಬೇಕಿಲ್ಲ. ಪ್ರವಾಹಕ್ಕೂ ಅದು ಅಷ್ಟೇ ಮುಖ್ಯ. ಸುರಿದ ಮಳೆಯಲ್ಲಿ ಎಷ್ಟು ಭಾಗ ನೆಲದಲ್ಲಿ ಇಂಗುತ್ತದೆ, ಎಷ್ಟು ಭಾಗ ಹಳ್ಳಕ್ಕೆ ಹರಿಯುತ್ತದೆ ಎಂಬುದನ್ನು ಲೆಕ್ಕ ಹಾಕಲು ಜಲವಿಜ್ಞಾನಿಗಳು ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ ಒಂದು ಸರಳ ವಿಧಾನವನ್ನು ಜಗತ್ತಿನಾದ್ಯಂತ ಬಳಸುತ್ತ ಬಂದಿದ್ದಾರೆ. ಅದರಲ್ಲಿ ಪ್ರತಿಯೊಂದು ನೆಲಕ್ಕೂ ‘ಕರ್ವ್ ನಂಬರ್’ ಎಂಬ ಒಂದು ಅಂಕ. ನೆಲ ಮೊದಲೇ ಒಣಗಿತ್ತೇ, ಸಾಧಾರಣವಾಗಿ ನೆನೆದಿತ್ತೇ, ತೊಯ್ದು ತೊಪ್ಪೆಯಾಗಿತ್ತೇ ಎಂಬುದನ್ನು ನೋಡಿ ಆ ಅಂಕವನ್ನು ಇಳಿಸಬೇಕು ಇಲ್ಲವೇ ಏರಿಸಬೇಕು. ಸಾಧಾರಣ ಸ್ಥಿತಿಯಲ್ಲಿ 75 ಅಂಕವಿರುವ ನೆಲವೊಂದನ್ನು ತೆಗೆದುಕೊಂಡು ನಾನೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಅದರ ಮೇಲೆ 100 ಮಿ.ಮೀ. ಮಳೆ ಸುರಿದರೆ ಸುಮಾರು 41 ಮಿ.ಮೀ.ನಷ್ಟು ನೀರು ಹರಿದುಹೋಗುತ್ತದೆ. ನೆಲ ಮೊದಲೇ ಒಣಗಿದ್ದರೆ ಹರಿಯುವುದು 15 ಮಿ.ಮೀ. ಮಾತ್ರ. ಮೊದಲೇ ನೆನೆದಿದ್ದರೆ 68 ಮಿ.ಮೀ. ಅದೇ ಮಳೆ, ಅದೇ ನೆಲ. ಹಳ್ಳಕ್ಕೆ ಬರುವ ನೀರು ಮಾತ್ರ ನಾಲ್ಕು ಪಟ್ಟಿಗೂ ಮಿಗಿಲಾಗಿ ಬದಲಾಗುತ್ತದೆ. ಒಂದು ಸಾವಿರ ಚದರ ಕಿಲೋಮೀಟರಿನ ಜಲಾನಯನ ಪ್ರದೇಶಕ್ಕೆ ಇದನ್ನು ಅನ್ವಯಿಸಿದರೆ, ಕೆಳಗಿನ ಜಲಾಶಯಕ್ಕೆ ಬರುವುದು ಅರ್ಧ ಟಿಎಂಸಿ ನೀರೋ ಸುಮಾರು 2.4 ಟಿಎಂಸಿ ನೀರೋ ಎಂಬ ವ್ಯತ್ಯಾಸ. ಗೇಟು ತೆರೆಯಬೇಕೆ ಬೇಡವೇ ಎಂದು ರಾತ್ರಿ ಎರಡು ಗಂಟೆಗೆ ನಿರ್ಧರಿಸಬೇಕಾದ ಎಂಜಿನಿಯರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ಹಾಗಿದ್ದರೆ ನೆಲ ಎಷ್ಟು ನೆನೆದಿದೆ ಎಂಬುದನ್ನು ಆ ಎಂಜಿನಿಯರು ತಿಳಿಯುವುದು ಹೇಗೆ? ಮೂಲ ವಿಧಾನದಲ್ಲಿ ಹಿಂದಿನ ಐದು ದಿನಗಳ ಮಳೆಯನ್ನು ಕೂಡಿ ಅಂದಾಜು ಮಾಡುತ್ತಿದ್ದರು. ಅದು ಅಂದಾಜೇ ಹೊರತು ಅಳತೆಯಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೆನಪಿಸಿಕೊಳ್ಳಿ. ಆ ವರ್ಷ ಜೂನ್‌ನಿಂದಲೇ ಎಡೆಬಿಡದೆ ಸುರಿದ ಮಳೆಯಿಂದ ಮಣ್ಣು ತನ್ನ ಹೊಟ್ಟೆ ತುಂಬಿಸಿಕೊಂಡು ಕೂತಿತ್ತು. ಆಗಸ್ಟ್ ಮಧ್ಯದ ಭಾರಿ ಮಳೆ ಅದರ ಮೇಲೆ ಬಿತ್ತು. ಗುಡ್ಡ ಜಾರಲು ಬೇರೆ ಕಾರಣಗಳೂ ಇದ್ದವು. ಇಳಿಜಾರು ಕಡಿದು ಮಾಡಿದ ರಸ್ತೆ, ಮನೆಗಳನ್ನು ಮರೆಯುವಂತಿಲ್ಲ. ಆದರೆ ಐದು ದಿನಗಳ ಹಿಂದಿನ ಮಳೆಯ ಲೆಕ್ಕದಿಂದ ಎರಡು ತಿಂಗಳ ನೆನೆತವನ್ನು ಅಳೆಯಲಾಗದು ಎಂಬುದಂತೂ ಸ್ಪಷ್ಟ.

ನೆಲವನ್ನು ಮುಟ್ಟದೆ, ನೂರಾರು ಕಿಲೋಮೀಟರು ಮೇಲಿನಿಂದ ಅದರ ಹಸಿಯನ್ನು ಅಳೆಯುವ ವಿದ್ಯೆ ಇಲ್ಲಿ ನೆರವಿಗೆ ಬರುತ್ತದೆ. ಇದರ ತತ್ವ ಕಠಿಣವೇನಲ್ಲ. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣ ಒಣ ಮಣ್ಣಿನಲ್ಲಿ ಮೂರು ನಾಲ್ಕರಷ್ಟಿದ್ದರೆ ನೀರಿನಲ್ಲಿ ಸುಮಾರು 80. ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಅದು ಹೊರಸೂಸುವ ಸೂಕ್ಷ್ಮತರಂಗಗಳು ಗಮನಾರ್ಹವಾಗಿ ತಗ್ಗುತ್ತವೆ. ಈ ಕ್ಷೀಣ ಸಂಕೇತವನ್ನು ಉಪಗ್ರಹದ ಮಾಪಕ ಗ್ರಹಿಸುತ್ತದೆ. ರೇಡಾರ್ ಆದರೆ ತಾನೇ ತರಂಗವನ್ನು ಕಳಿಸಿ ಮರಳಿ ಬಂದ ಪ್ರತಿಧ್ವನಿಯನ್ನು ನೋಡುತ್ತದೆ. ಹಸಿ ನೆಲದಿಂದ ಪ್ರತಿಧ್ವನಿ ಜೋರಾಗಿ ಬರುತ್ತದೆ. ಇದಕ್ಕೆ ಉತ್ತಮವೆಂದು ಕಂಡುಬಂದಿರುವುದು 21 ಸೆಂಟಿಮೀಟರ್ ಆಸುಪಾಸಿನ ತರಂಗಾಂತರದ ‘ಎಲ್ ಬ್ಯಾಂಡ್’. ಅದಕ್ಕೆ ಮೋಡ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ಮುಂಗಾರಿನ ನಾಡಿಗೆ ಇದು ಸಣ್ಣ ಮಾತಲ್ಲ. ಬೆಳೆಯ ಹಸಿರನ್ನು ನೋಡುವ ಸಾಮಾನ್ಯ ಉಪಗ್ರಹಗಳು ಜುಲೈ, ಆಗಸ್ಟ್‌ಗಳಲ್ಲಿ ಮೋಡದ ಬೆನ್ನನ್ನೇ ನೋಡುತ್ತ ಹೋಗುತ್ತವೆ. ಮೇಲಾಗಿ ಹಸಿರು ಬಾಡಿದ್ದು ಕಾಣುವ ಹೊತ್ತಿಗೆ ಬೆಳೆಗೆ ಆಗಬೇಕಾದ ನಷ್ಟ ಆಗಿಹೋಗಿರುತ್ತದೆ. ಹಸಿ ಆರಿದ್ದು ಅದಕ್ಕಿಂತ ಮೊದಲೇ ತಿಳಿಯುತ್ತದೆ.

ಈ ಕ್ಷೇತ್ರದಲ್ಲಿ ನಾವು ತೀರ ಹೊಸಬರಲ್ಲ ಎಂಬುದನ್ನೂ ಹೇಳಬೇಕು. 1979ರ ಜೂನ್‌ನಲ್ಲಿ ಕಕ್ಷೆ ಸೇರಿದ ಭಾಸ್ಕರ–1 ಉಪಗ್ರಹದಲ್ಲಿ ‘ಸಮೀರ್’ ಎಂಬ ಸೂಕ್ಷ್ಮತರಂಗ ಮಾಪಕವಿತ್ತು. ಅದರ ಗಮನ ಹೆಚ್ಚಾಗಿ ಸಮುದ್ರ ಮತ್ತು ವಾತಾವರಣದ ಮೇಲೆ. ಮಣ್ಣಿನ ತೇವಾಂಶಕ್ಕೆಂದೇ ಮೀಸಲಾದ ಮೊದಲ ದೊಡ್ಡ ಪ್ರಯತ್ನ ಯುರೋಪಿನದು. ‘ಸ್ಮಾಸ್’ ಉಪಗ್ರಹ 2009ರ ನವೆಂಬರ್‌ನಲ್ಲಿ ಹಾರಿತು. ಅಮೆರಿಕದ ನಾಸಾ 2015ರ ಜನವರಿ 31ರಂದು ‘ಸ್ಮ್ಯಾಪ್’ ಅನ್ನು ಕಳಿಸಿತು. ಅದರಲ್ಲಿ ಎರಡು ಉಪಕರಣಗಳು: ಒರಟಾಗಿ ಆದರೆ ನಿಖರವಾಗಿ ಅಳೆಯುವ ರೇಡಿಯೋಮೀಟರ್, ಸೂಕ್ಷ್ಮವಾಗಿ ನೋಡಬಲ್ಲ ರೇಡಾರ್. ಎರಡನೆಯದು ಅದೇ ವರ್ಷದ ಜುಲೈನಲ್ಲಿ ಕೆಟ್ಟು ನಿಂತಿತು. ಉಳಿದದ್ದು ಸುಮಾರು 36 ಕಿಲೋಮೀಟರು ಉದ್ದಗಲದ ಚೌಕಗಳಲ್ಲಿ ಭೂಮಿಯನ್ನು ನೋಡುವ ಮೊದಲನೆಯದು.

ಆ ಚೌಕದ ಅರ್ಥವೇನೆಂದು ನಮ್ಮ ಲೆಕ್ಕದಲ್ಲಿ ನೋಡೋಣ. 36ರಿಂದ 36 ಗುಣಿಸಿದರೆ 1,296 ಚದರ ಕಿಲೋಮೀಟರು. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು. 2023ರ ಬರ ಘೋಷಣೆಯ ವೇಳೆಗೆ ಲೆಕ್ಕಕ್ಕೆ ಹಿಡಿದ ತಾಲ್ಲೂಕುಗಳು 236. ಅಂದರೆ ತಾಲ್ಲೂಕೊಂದಕ್ಕೆ ಸರಾಸರಿ 813 ಚದರ ಕಿಲೋಮೀಟರು. ಉಪಗ್ರಹದ ಒಂದು ಚೌಕ ನಮ್ಮ ಸರಾಸರಿ ತಾಲ್ಲೂಕಿಗಿಂತ ದೊಡ್ಡದು! ಅದರೊಳಗೆ ಕೆರೆ ಅಚ್ಚುಕಟ್ಟಿನ ಗದ್ದೆಯೂ ಇರುತ್ತದೆ, ಕಲ್ಲುಭೂಮಿಯ ರಾಗಿ ಹೊಲವೂ ಇರುತ್ತದೆ. ಎರಡನ್ನೂ ಕಲಸಿ ಬರುವ ಸರಾಸರಿ ಅಂಕ ಎರಡಕ್ಕೂ ಸಲ್ಲದು. ಇನ್ನೂ ಒಂದು ಮಿತಿ, ಇದು ಮೊದಲಿನದಕ್ಕಿಂತ ಗಂಭೀರವಾದದ್ದು: ಈ ತರಂಗಗಳು ಕಾಣುವುದು ಮಣ್ಣಿನ ಮೇಲಿನ ಸುಮಾರು 5 ಸೆಂಟಿಮೀಟರಿನಷ್ಟನ್ನು ಮಾತ್ರ. ಜೋಳದ ಬೇರು, ತೊಗರಿಯ ಬೇರು ಅದಕ್ಕಿಂತ ಎಷ್ಟೋ ಆಳದಲ್ಲಿ ನೀರು ಹುಡುಕುತ್ತವೆ. ಮೇಲ್ಮಣ್ಣು ಒಂದು ಸಂಜೆಯ ತುಂತುರಿಗೆ ನೆನೆದು, ಎರಡು ದಿನದ ಬಿಸಿಲಿಗೆ ಆರುತ್ತದೆ. ದಟ್ಟ ಕಾಡಿನ ಕೆಳಗೆ ಏನಿದೆಯೆಂದು ಹೇಳುವುದು ಇದಕ್ಕೆ ಕಷ್ಟ. ಕಡಿದಾದ ಇಳಿಜಾರಿನಲ್ಲೂ ತಪ್ಪು ಹೆಚ್ಚು. ಮುನ್ನೆಚ್ಚರಿಕೆ ಅತ್ಯಂತ ಅಗತ್ಯವಾಗಿರುವ ಪಶ್ಚಿಮಘಟ್ಟದಲ್ಲೇ ಇದರ ಕಣ್ಣು ಮಂಜಾಗುವುದು ಒಂದು ವಿಪರ್ಯಾಸ.

2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ‘ನಿಸಾರ್’ ಈ ಚಿತ್ರವನ್ನು ಸಾಕಷ್ಟು ಬದಲಿಸುವ ಭರವಸೆಯನ್ನು ಹೊತ್ತಿದೆ. ಇದು ಇಸ್ರೊ ಮತ್ತು ನಾಸಾ ಜಂಟಿಯಾಗಿ ನಿರ್ಮಿಸಿದ್ದು. ಎಲ್ ಬ್ಯಾಂಡ್ ರೇಡಾರ್ ಅವರದು, ಎಸ್ ಬ್ಯಾಂಡ್ ರೇಡಾರ್ ನಮ್ಮದು. ಅವನ್ನು ಉಪಗ್ರಹವಾಗಿಸಿದ ಅಂತಿಮ ಜೋಡಣೆಯ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. 12 ದಿನಗಳಿಗೊಮ್ಮೆ ಅದು ಅದೇ ಹಾದಿಗೆ ಮರಳುತ್ತದೆ. ಇದರ ದತ್ತಾಂಶದಿಂದ 200 ಮೀಟರ್ ಚೌಕದ ತೇವಾಂಶ ನಕ್ಷೆ ತಯಾರಿಸುವುದು ನಾಸಾ ಗುರಿ. 200 ಮೀಟರ್ ಚೌಕವೆಂದರೆ ನಾಲ್ಕು ಹೆಕ್ಟೇರು, ಅಂದಾಜು ಹತ್ತು ಎಕರೆ. 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರು. ತಾಲ್ಲೂಕಿನಿಂದ ಮೂರು ರೈತರ ಹೊಲಕ್ಕೆ ಇಳಿದುಬರುವುದು ಸಾಮಾನ್ಯ ಪ್ರಗತಿಯಲ್ಲ. ಆದರೆ ಸೂಕ್ಷ್ಮವಾಗಿ ನೋಡುವ ಕಣ್ಣು ಅಪರೂಪಕ್ಕೆ ಬರುತ್ತದೆ, ಮೂರು ದಿನಕ್ಕೊಮ್ಮೆ ಬರುವ ಕಣ್ಣು ಒರಟಾಗಿ ನೋಡುತ್ತದೆ. ಪ್ರವಾಹವಂತೂ ಉಪಗ್ರಹದ ವೇಳಾಪಟ್ಟಿಗೆ ಕಾಯುವುದಿಲ್ಲ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡಿರುವ ಪರಿಹಾರ ಕಂದಾಯ ಇಲಾಖೆಯಲ್ಲಿ ದುಡಿದವರಿಗೆ ಸುಲಭವಾಗಿ ಅರ್ಥವಾಗುವಂಥದು. ಮಳೆ, ಬಿಸಿಲು, ಗಾಳಿ, ಮಣ್ಣಿನ ಜಾತಿ ಇವನ್ನೆಲ್ಲ ಹಾಕಿ ಗಣಕಯಂತ್ರದಲ್ಲಿ ಒಂದು ಮಾದರಿಯನ್ನು ದಿನವೂ ಓಡಿಸುತ್ತಾರೆ. ಅದು ಬೇರಿನ ಆಳದವರೆಗಿನ ತೇವವನ್ನು ಊಹಿಸುತ್ತ ಹೋಗುತ್ತದೆ. ಇದು ಗ್ರಾಮಲೆಕ್ಕಿಗರ ದಿನವಹಿ ವರದಿಯಿದ್ದಂತೆ. ಉಪಗ್ರಹ ಹಾದುಹೋದಾಗ ಸಿಗುವ ಅಳತೆ ತಹಶೀಲ್ದಾರರ ಸ್ಥಳ ತನಿಖೆಯಿದ್ದಂತೆ. ಎರಡರ ನಡುವೆ ಅಂತರ ಕಂಡರೆ ಯಾವುದಕ್ಕೆ ಎಷ್ಟು ವಿಶ್ವಾಸಾರ್ಹತೆಯಿದೆಯೋ ಅಷ್ಟು ತೂಕ ಕೊಟ್ಟು ವರದಿಯನ್ನು ತಿದ್ದಿ, ತಿದ್ದಿದ ಅಂಕದಿಂದ ಮತ್ತೆ ಮುಂದಕ್ಕೆ ಲೆಕ್ಕ ಸಾಗಿಸುತ್ತಾರೆ. ವರದಿಯೊಂದೇ ಇದ್ದರೆ ತಪ್ಪು ದಿನದಿನಕ್ಕೆ ಬೆಳೆಯುತ್ತದೆ. ತನಿಖೆಯೊಂದೇ ಇದ್ದರೆ ನಡುವಿನ ದಿನಗಳಿಗೆ ಗತಿಯಿಲ್ಲ.

ಆದರೆ ತನಿಖೆ ಮಾಡುವವರು ಸರಿಯಾಗಿ ನೋಡಿದ್ದಾರೆಯೇ ಎಂದು ಪರೀಕ್ಷಿಸಲು ನೆಲದ ಮೇಲೆ ಒಂದು ಸಾಕ್ಷಿ ಬೇಕಲ್ಲವೇ? ನಾನು ಈ ಲೇಖನದಲ್ಲಿ ಒತ್ತಿ ಹೇಳಬಯಸುವುದು ಇದನ್ನೇ. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಎಂಬ ಸುಮಾರು 84 ಚದರ ಕಿಲೋಮೀಟರಿನ ಕಿರು ಜಲಾನಯನ ಪ್ರದೇಶದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಫ್ರಾನ್ಸಿನ ಸಹೋದ್ಯೋಗಿಗಳೊಡನೆ ವರ್ಷಗಟ್ಟಲೆ ಇಂಥ ಸಾಕ್ಷಿಯನ್ನು ಕಲೆಹಾಕಿದ್ದಾರೆ. ಉಪಗ್ರಹ ಮೇಲೆ ಹಾದುಹೋಗುವ ದಿನ ರೈತರ ಹತ್ತಾರು ಹೊಲಗಳಲ್ಲಿ ಕೈಯಾರೆ ತೇವಾಂಶ ಅಳೆಯುತ್ತಾರೆ. ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಅಲ್ಲಿವೆ. ಅರಿಸಿನ, ಚೆಂಡುಹೂವು, ಜೋಳ, ಬಾಳೆ ಒಂದರ ಪಕ್ಕ ಒಂದಿವೆ. ಕೊಳವೆಬಾವಿಗಳಿಂದ ಕುಸಿದ ಅಂತರ್ಜಲವೂ ಇದೆ. ವಿದೇಶಿ ಉಪಗ್ರಹಗಳ ಅಳತೆಯನ್ನು ಸರಿದೂಗಿಸಲೂ ಈ ಪುಟ್ಟ ಪ್ರದೇಶದ ದತ್ತಾಂಶ ಬಳಕೆಯಾಗಿದೆ. ಹೆಮ್ಮೆಪಡಬೇಕಾದ ಕೆಲಸ. ಆದರೆ ರಾಯಚೂರಿನ ಎರೆಭೂಮಿಗೆ, ಕೋಲಾರದ ಕೆಂಪುನೆಲಕ್ಕೆ, ಶಿವಮೊಗ್ಗದ ಜಂಬಿಟ್ಟಿಗೆ ಮಣ್ಣಿಗೆ ಬೇರಂಬಾಡಿಯೊಂದೇ ಸಾಕ್ಷಿ ಹೇಳಲಾಗದು.

ಇದೇಕೆ ವಿಜ್ಞಾನಿಗಳ ಪಾಡಿಗೆ ಬಿಡಬಹುದಾದ ವಿಷಯವಲ್ಲ ಎಂಬುದಕ್ಕೆ ಕಾರಣವಿದೆ. ಕೇಂದ್ರ ಕೃಷಿ ಸಚಿವಾಲಯ 2016ರ ಡಿಸೆಂಬರ್‌ನಲ್ಲಿ ಹೊರತಂದ ಬರ ಕೈಪಿಡಿ ಮಣ್ಣಿನ ತೇವಾಂಶಕ್ಕೆ ಕಾನೂನಿನ ತೂಕವನ್ನೇ ಕೊಟ್ಟಿದೆ. ಮೊದಲು ಮಳೆಯ ಕೊರತೆ, ಒಣಹವೆಯ ಅವಧಿ ನೋಡಬೇಕು. ಅದಾದ ಬಳಿಕ ನಾಲ್ಕು ಬಗೆಯ ಪರಿಣಾಮ ಸೂಚಕಗಳು: ದೂರಸಂವೇದಿಯಿಂದ ತಿಳಿಯುವ ಬೆಳೆಯ ಸ್ಥಿತಿ, ಬಿತ್ತನೆಯ ವಿಸ್ತೀರ್ಣ, ಮಣ್ಣಿನ ತೇವಾಂಶ, ಜಲಾಶಯ–ಅಂತರ್ಜಲಗಳ ಸ್ಥಿತಿ. ತೀವ್ರ ಬರವೆಂದು ಘೋಷಿಸಲು ಇವುಗಳಲ್ಲಿ ಮೂರಾದರೂ ಹೌದೆನ್ನಬೇಕು. ತೇವಾಂಶದ ಅಂಕ ನೂರಕ್ಕೆ 25ರ ಒಳಗಿದ್ದರೆ ತೀವ್ರ, 26ರಿಂದ 50ರ ನಡುವಿದ್ದರೆ ಸಾಧಾರಣ. 1987ರಲ್ಲಿ ನನ್ನ ನಮೂನೆಯಲ್ಲಿ ಇಲ್ಲದಿದ್ದ ಅಂಕಣ ಕೊನೆಗೂ ಬಂತೆಂದು ಕೈಪಿಡಿ ಓದಿದಾಗ ಸಂತೋಷವಾಯಿತು. ಆದರೆ ಆ ಅಂಕಣ ತುಂಬುವ ಬಗೆ ನೋಡಿದಾಗ ಸಂತೋಷ ಅರ್ಧವಾಯಿತು. ಅಲ್ಲಿ ಬರುವ ಅಂಕ ಬಹುಪಾಲು ಮಳೆ, ಆವಿಯಾಗುವಿಕೆ, ಮಣ್ಣಿನ ಧಾರಣಶಕ್ತಿಗಳಿಂದ ಕಟ್ಟಿದ ನೀರಿನ ಜಮಾಖರ್ಚು. ಅಂದರೆ ಮಳೆಮಾಪಕವೇ ಇನ್ನೊಂದು ವೇಷ ಧರಿಸಿ ಮತ್ತೆ ಸಾಕ್ಷಿಕಟ್ಟೆ ಹತ್ತುತ್ತದೆ. ಮಳೆಯ ಕೊರತೆಗೆ ಸ್ವತಂತ್ರ ದೃಢೀಕರಣ ಕೇಳಿದ ಜಾಗದಲ್ಲಿ ಮಳೆಯನ್ನೇ ಎರಡು ಸಲ ಎಣಿಸಿದಂತಾಗುತ್ತದೆ.

ಈ ಅಂಕದ ಮೇಲೆ ಎಷ್ಟು ಹಣ ನಿಂತಿದೆ ಎಂಬುದನ್ನು ನಾವು ಈಚೆಗೆ ಕಂಡಿದ್ದೇವೆ. 2023ರಲ್ಲಿ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿ ಕೇಂದ್ರದಿಂದ ₹18,171 ಕೋಟಿ ಕೇಳಿತು. ನೆರವು ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ₹3,454 ಕೋಟಿ. ಯಾರ ಪಕ್ಷ ಸರಿ ಎಂಬ ರಾಜಕೀಯ ವಾದಕ್ಕೆ ನಾನು ಇಳಿಯುವುದಿಲ್ಲ. ನಿವೃತ್ತಿಯ ನಂತರವೂ ಕೆಲವು ಅಭ್ಯಾಸಗಳು ಬಿಡುವುದಿಲ್ಲ. ಆದರೆ ಇಷ್ಟು ದೊಡ್ಡ ವ್ಯಾಜ್ಯದಲ್ಲಿ ಎರಡೂ ಕಡೆಯವರು ಒಪ್ಪಬಹುದಾದ, ನೆಲದಲ್ಲಿ ಅಳೆದ ತೇವಾಂಶದ ದಾಖಲೆಯೊಂದು ಪ್ರತಿ ತಾಲ್ಲೂಕಿನಿಂದಲೂ ಇದ್ದಿದ್ದರೆ ಮಾತು ಅಷ್ಟು ಲಂಬಿಸುತ್ತಿರಲಿಲ್ಲ.

ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ಹಣಕ್ಕೆ ಅಂಟಿಕೊಂಡ ಅಂಕವನ್ನು ತಿರುಚುವ ಆಸೆ ಎಲ್ಲ ಕಡೆಯೂ ಇರುತ್ತದೆ. ಆಣೆವಾರಿಯ ಕಾಲದಿಂದಲೂ ಅದನ್ನು ಕಂಡಿದ್ದೇನೆ. ಹಾಗಾಗಿ ಮನುಷ್ಯನ ಕೈ ಸೋಕದ ಉಪಗ್ರಹವೇ ಮೇಲು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ತಹಶೀಲ್ದಾರರ ತಪ್ಪಿನ ವಿರುದ್ಧ ರೈತ ನನ್ನ ಬಳಿ ಬರಬಹುದಿತ್ತು, ನನ್ನ ತಪ್ಪಿನ ವಿರುದ್ಧ ಜಿಲ್ಲಾಧಿಕಾರಿಗಳ ಬಳಿ ಹೋಗಬಹುದಿತ್ತು. ಉಪಗ್ರಹದ ವಿರುದ್ಧ ಮೇಲ್ಮನವಿ ಎಲ್ಲಿ? ಬರವಿಲ್ಲದ ಕಡೆ ಬರವೆಂದರೆ ಬೊಕ್ಕಸಕ್ಕೆ ನಷ್ಟ. ಬರವಿರುವ ಕಡೆ ಇಲ್ಲವೆಂದರೆ ಒಂದು ಮನೆ ಗುಳೆ ಹೋಗುತ್ತದೆ. ಈ ಎರಡು ತಪ್ಪುಗಳ ಬೆಲೆ ಒಂದೇ ಅಲ್ಲವೆಂಬುದನ್ನು ಯಾವ ಮಾದರಿಯೂ ತಾನಾಗಿ ತಿಳಿಯುವುದಿಲ್ಲ.

ನಮ್ಮ ರಾಜ್ಯಕ್ಕೆ ಈ ದಾರಿಯಲ್ಲಿ ಮುಂದೆ ಹೋಗುವ ಅರ್ಹತೆಯಿದೆ. ದೇಶದಲ್ಲೇ ಮೊದಲೆಂಬಂತೆ 1988ರಲ್ಲಿ ಇಲ್ಲಿ ಬರ ಉಸ್ತುವಾರಿ ಕೋಶ ಆರಂಭವಾಯಿತು. ಈಗಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದರ ಮುಂದುವರಿಕೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ತಂತಾನೇ ಸಂದೇಶ ಕಳಿಸುವ ಮಳೆಮಾಪಕಗಳನ್ನು ನೆಟ್ಟದ್ದು ಸಣ್ಣ ಸಾಧನೆಯಲ್ಲ. ಹೋಬಳಿಗೊಂದಾದರೂ ಕಡೆ ಅದೇ ಕಂಬದ ಬುಡದಲ್ಲಿ ಮೂರು ಆಳಗಳಲ್ಲಿ ತೇವಾಂಶ ಸಂವೇದಕಗಳನ್ನು ಹೂಳಬಹುದು. ಸೌರಫಲಕ, ಸಂದೇಶ ಕಳಿಸುವ ವ್ಯವಸ್ಥೆ ಈಗಾಗಲೇ ಇರುವುದರಿಂದ ಹೊಸ ವೆಚ್ಚ ಸಂವೇದಕದ್ದು ಮತ್ತು ನಿರ್ವಹಣೆಯದು. ಎರಡನೆಯದೇ ನಿಜವಾದ ಸಮಸ್ಯೆ. ಉದ್ಘಾಟನೆಯಾದ ಉಪಕರಣಗಳು ಮೂರನೇ ವರ್ಷ ಏನಾಗುತ್ತವೆಂದು ಬಲ್ಲೆ. ಬಂದ ಅಂಕಗಳನ್ನು ಅಂದಂದೇ ಸಾರ್ವಜನಿಕವಾಗಿ ಪ್ರಕಟಿಸಬೇಕು. ಜಲಾಶಯಗಳ ಒಳಹರಿವಿನ ಮುನ್ಸೂಚನೆ ಮಾಡುವವರಿಗೆ ಅವು ನೇರವಾಗಿ ತಲುಪಬೇಕು. ಕೃಷಿ, ಕಂದಾಯ, ಜಲಸಂಪನ್ಮೂಲ ಇಲಾಖೆಗಳು ತಮ್ಮ ತಮ್ಮ ತೇವಾಂಶವನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟುಕೊಂಡು ಕೂರುವುದಾದರೆ ಅದಕ್ಕೆ ಉಪಗ್ರಹವೇ ಬೇಕಿರಲಿಲ್ಲ.

ಅದೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ. ಬರ ಕೈಪಿಡಿಯ ಪ್ರಕಾರ ಪ್ರತಿ ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳಿಗೆ ಅಧಿಕಾರಿಗಳು ಬೆಳೆ ಪರಿಶೀಲನೆಗೆ ಹೋಗಲೇಬೇಕು. ಹೋದವರು ಬೆಳೆಯ ಛಾಯಾಚಿತ್ರದ ಜೊತೆಗೆ ಪ್ರತಿ ಹೊಲದಿಂದ ಒಂದು ಗೇಣು ಆಳದ ಒಂದು ಹಿಡಿ ಮಣ್ಣನ್ನು ಗಾಳಿಯಾಡದ ಡಬ್ಬಿಯಲ್ಲಿ ತರಲಿ. ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿದರೆ ವ್ಯತ್ಯಾಸವೇ ನೀರು. ಜಗತ್ತಿನ ಎಲ್ಲ ಉಪಗ್ರಹಗಳೂ ಅಂತಿಮವಾಗಿ ತಮ್ಮನ್ನು ಹೋಲಿಸಿಕೊಳ್ಳುವುದು ಈ ಹಳೆಯ ವಿಧಾನದೊಂದಿಗೇ. ಅದಕ್ಕೆ ಬೇಕಾದದ್ದು ಒಂದು ವಿದ್ಯುತ್ ಒಲೆ, ಒಂದು ಒಳ್ಳೆಯ ತಕ್ಕಡಿ, ಅಂಕಗಳನ್ನು ಬರೆದಿಡಲು ಒಂದು ವಹಿ. ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲೆಯ ಒಂದು ಮೇಜು ಸಾಕು.